ಕೌದಿಯ ಹೊಟ್ಟೆ, ಅಕ್ಷರದ ಹೊಟ್ಟೆ

1989ರ ಸೆಪ್ಟೆಂಬರಿನ ಒಂದು ಸೋಮವಾರ ನಮ್ಮ ಮ್ಯಾನೇಜರ್ ಮೇಡಂ ಬಟ್ಟೆಯ ಎರಡು ಥಾನುಗಳನ್ನು ನನ್ನ ಮೇಜಿನ ಮೇಲೆ ಇಡಿಸಿದರು. ಮಂಗಲದಾಸ್ ಮಾರ್ಕೆಟ್ಟಿನ ಹೊಸ ಕಾಟನ್. ಒಂದು ಅಪ್ಪಟ ಕಪ್ಪು, ಒಂದು ಅಪ್ಪಟ ಬಿಳಿ. ಜೊತೆಗೆ ಕಂದು ಕಾಗದದ ಮೇಲೆ ಅವರೇ ಬರೆದ ಚಿತ್ರ: ನಟ್ಟನಡುವೆ ಒಂದು ಕಪ್ಪು ಕೈ, ಒಂದು ಬಿಳಿ ಕೈ, ಒಂದನ್ನೊಂದು ಹಿಡಿದಿವೆ.

ಮುಂಬೈಯ ಫೋರ್ಟಿನ ಆ ಕರಕುಶಲ ಮಳಿಗೆಗೆ ನಾನು ಸೇರಿ ಇನ್ನೂ ವರ್ಷವಾಗಿರಲಿಲ್ಲ. ಡಿಸೆಂಬರಿನಲ್ಲಿ ಮಹಡಿಯ ಹಾಲಿನಲ್ಲಿ ವರ್ಣಭೇದದ ಬಗ್ಗೆ ಒಂದು ಪ್ರದರ್ಶನ ಮಾಡಬೇಕೆಂದು ಮೇಡಂ ತೀರ್ಮಾನಿಸಿದ್ದರು. ಪತ್ರಿಕೆಗಳ ತುಂಬ ಆಗ ದಕ್ಷಿಣ ಆಫ್ರಿಕಾದ ಸುದ್ದಿ. ಅದನ್ನು ಚಿತ್ರಕಾರರಿಂದಲ್ಲ, ಮಣಿ ಪೋಣಿಸುವ ಮತ್ತು ಕೌದಿ ಹೊಲಿಯುವ ಹೆಂಗಸರಿಂದ ಹೇಳಿಸಬೇಕೆಂಬುದು ಅವರ ಆಸೆ. ಮಳಿಗೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಕೌದಿಯ ಕೆಲಸ ನನ್ನ ಪಾಲಿಗೆ ಬಂತು.

ಕೌದಿಯವಳು ನಮಗೆ ಸಿಕ್ಕಿದ್ದೂ ಕನ್ನಡದಿಂದಲೇ. ಆಗಸ್ಟಿನ ಒಂದು ಮಧ್ಯಾಹ್ನ ಎತ್ತರದ, ಗುಂಗುರು ಕೂದಲಿನ, ಕಡುಕಪ್ಪು ಹೆಂಗಸೊಬ್ಬಳು ಗಂಟು ಹೊತ್ತು ಕೌಂಟರಿಗೆ ಬಂದಳು. ನಮ್ಮ ಸೇಲ್ಸ್ ಹುಡುಗಿ ಇಂಗ್ಲಿಷಿನಲ್ಲಿ, ಯಾವ ದೇಶದವರು, ಡಾಲರ್ ಇದೆಯೇ ಎಂದು ವಿಚಾರಿಸಿದಳು. ಹೆಂಗಸು ನನ್ನ ಕಡೆ ತಿರುಗಿದಳು.

"ನೀ ಈಗ ಫೋನಿನ್ಯಾಗ ಕನ್ನಡಾ ಮಾತಾಡಾಕತ್ತಿದ್ದಿ ಅಲ್ಲ? ಈಕೀಗೆ ಹೇಳು ತಂಗಿ, ನಂದು ಹಳಿಯಾಳ ತಾಲೂಕು. ಡಾಲರ್ ಇದ್ದಿದ್ರ ಕೌದಿ ಯಾಕ ಮಾರಾಕ ಬರ್ತಿದ್ನಿ?"

ಆವತ್ತಿನಿಂದ ಅವಳು ನನಗೆ ಅಕ್ಕ. ಅವಳು ಸಿದ್ದಿ ಜನಾಂಗದವಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಬಂದವರ, ಗುಲಾಮರಾಗಿ ತರಲ್ಪಟ್ಟವರ ವಂಶ. ಈಗ ಉತ್ತರ ಕನ್ನಡದ ಕಾಡಂಚಿನ ಊರುಗಳವರು. ಗಂಡ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ಅಲ್ಲೇ ಗುಡ್ಡದ ಮೇಲೆ ಇಬ್ಬರಿಗೊಂದು ಜೋಪಡಿ. ಅದನ್ನು ವರ್ಷದ ಕೊನೆಗೆ ಬಿಡಬೇಕಾಗಿತ್ತು. ಜೋಪಡಿಯ ಮಾಲೀಕ ತನ್ನ ತಮ್ಮನ ಸಂಸಾರಕ್ಕೆಂದು ವಾಪಸು ಕೇಳಿದ್ದ. ಬೇರೆ ರೂಮು ಎಲ್ಲೂ ಸಿಗುತ್ತಿರಲಿಲ್ಲ. ಗಂಡ ಕೇಳಲು ಹೋದರೆ ಚಾಳಿನ ಹುಡುಗರು "ವೆಸ್ಟ್ ಇಂಡೀಸ್! ಸಿಕ್ಸರ್ ಮಾರ್!" ಎಂದು ಹಿಂದೆ ಬೀಳುತ್ತಿದ್ದರು. ಅಕ್ಕ ಹೋದರೆ ಬಾಗಿಲು ತೆರೆದವರು ಪಾಸ್‌ಪೋರ್ಟ್ ಕೇಳುತ್ತಿದ್ದರು.

ಮೇಡಂ ತರಿಸಿದ ಹೊಸ ಬಟ್ಟೆಯನ್ನು ಅಕ್ಕ ಬೆರಳುಗಳಲ್ಲಿ ಉಜ್ಜಿ ನೋಡಿ ಪಕ್ಕಕ್ಕಿಟ್ಟಳು.

"ಇದರಾಗ ಆಗೂದಿಲ್ಲ. ಬರೇ ಗಂಜಿ. ಕೌದಿಗೆ ಉಟ್ಟು ಸವೆದ ಅರಿವಿ ಬೇಕು."

"ಈ ಚಿತ್ರ?"

"ಕೈ ನಡುವ ಐತಲ್ಲ. ನಡುವ ಕೊನೀಗೆ ಬರೂದು. ಅಲ್ಲಿ ಏನ ಬರತೈತಂತ ಈಗಽ ಹೆಂಗ ಹೇಳ್ಲಿ?"

ಅವಳು ಹೊಲಿಯುವ ರೀತಿಯನ್ನು ಆಮೇಲೆ ನಾನೇ ಕೂತು ನೋಡಿದೆ. ಕೆಳಗೆ ಒಂದು ಹಳೆ ಸೀರೆ ಹಾಸುತ್ತಾಳೆ. ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ತುಂಡುಗಳನ್ನಿಟ್ಟು, ಅಂಚು ಒಳಕ್ಕೆ ಮಡಚಿ, ದಪ್ಪ ದಾರದಲ್ಲಿ ಓಡುಹೊಲಿಗೆ ಹಾಕುತ್ತ ಹೋಗುತ್ತಾಳೆ. ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಹೊರಗಿನಿಂದ ಒಳಗೆ ಬರುತ್ತ ಬರುತ್ತ ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚಬೇಕು, ಕೌದಿಯನ್ನು ಹಸಿದಿರಲು ಬಿಡಬಾರದು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಬೇಕು. ಹೂ ಇಲ್ಲದ ಕೌದಿ ಬೆತ್ತಲೆ.

ಇದನ್ನೆಲ್ಲ ಮೇಡಂಗೆ ಹಿಂದಿಯಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ವರ್ಣಭೇದ ಎಲ್ಲಿ ಬರುತ್ತದೆ?"

"ಅರಿವ್ಯಾಗಽ ಬರತೈತಿ ಅಂತ ಹೇಳು," ಎಂದಳು ಅಕ್ಕ.

ಅವಳ ಉಪಾಯ ಇದು. ಮುಂಬೈಯಲ್ಲಿ ಹಳೆ ಬಟ್ಟೆಗೆ ಬದಲಾಗಿ ಸ್ಟೀಲ್ ಪಾತ್ರೆ ಕೊಡುವ ಬೋಹಾರಿಣ್ ಹೆಂಗಸರು ಬೀದಿ ಬೀದಿ ತಿರುಗುತ್ತಾರಲ್ಲ, ಹಾಗೆ ಅವಳೂ ಪಾತ್ರೆಯ ಬುಟ್ಟಿ ಹೊತ್ತು ಮನೆಮನೆಗೆ ಹೋಗುವುದು. ಅವಳನ್ನು ನೋಡಿ ಏನಾದರೂ ಮಾತು ಎಸೆದವರ ಬಟ್ಟೆ ಅಂಚಿನ ಸುತ್ತಿಗೆ. ಏನೂ ಅನ್ನದವರದು ಒಳಗೆ. ಚೆನ್ನಾಗಿ ಮಾತಾಡಿಸಿದವರದು ಹೊಟ್ಟೆಯ ಹತ್ತಿರ.

"ಆಡಿಕೊಂಡವರಿಗೆ ಅಂಚು ಯಾಕೆ?" ಎಂದೆ.

"ರಾತ್ರಿ ಎಳದಾಡೂದು ಅಂಚು ಹಿಡಿದು ಅಲ್ಲೇನು? ಅವರ ಅರಿವಿ ಮೊದಲು ಹರೀಲಿ."

ಪಾತ್ರೆಗಳನ್ನು ಮೇಡಂ ಕೊಡಿಸಿದರು. ಭಾನುವಾರಗಳಂದು ನಾವು ತಿರುಗಿದ್ದು ಆಂಟಾಪ್ ಹಿಲ್ಲಿನ ನನ್ನದೇ ಕಾಲೊನಿಯಲ್ಲಿ. ಡೈರಿಯಲ್ಲಿ ನಾಲ್ಕು ಕಾಲಂ ಎಳೆದುಕೊಂಡೆ: ಮನೆ, ಬಟ್ಟೆ, ಪಾತ್ರೆ, ಮಾತು. ನಮ್ಮ ಮನೆಯಿಂದ ನನ್ನ ತಾಯಿ ಹಳೆಯ ವಾಯಿಲ್ ಸೀರೆ ಕೊಟ್ಟಳು. ಒಂದು ಮಾತೂ ಅನ್ನಲಿಲ್ಲ. ಕಾಫಿ ಮಾತ್ರ ಬೇರೆ ಲೋಟದಲ್ಲಿ ಬಂತು. ಅಕ್ಕ ಲೋಟ ನೋಡಿ ನನ್ನ ಮುಖ ನೋಡಿದಳು. ವಾಯಿಲ್ ಎಲ್ಲಿಗೆ ಹೋಗುತ್ತದೆ ಎಂದು ಮೆಟ್ಟಿಲಿಳಿಯುವಾಗ ಕೇಳಿದೆ.

"ಎರಡನೇ ಸುತ್ತಿಗೆ," ಎಂದಳು.

ಕಾಲೊನಿಯ ಹಿಂದಿನ ಚಾಳಿನಲ್ಲಿ ಉಡುಪಿ ಕಡೆಯ ವಿಧವೆಯೊಬ್ಬರು ಖಾನಾವಳಿ ನಡೆಸುತ್ತಿದ್ದರು. ಅವರನ್ನು ಅಮ್ಮ ಎಂದೇ ಎಲ್ಲರೂ ಕರೆಯುವುದು. ಅದೇ ಚಾಳಿನಲ್ಲಿ ಅವರಿಗೆ ಸೇರಿದ ಎರಡು ರೂಮುಗಳಿದ್ದವು, ಒಂದು ಖಾಲಿ ಇತ್ತು.

"ಎಂತ ಮಾರಾಯ್ತಿ," ಎಂದರು ಅವರು ನನ್ನನ್ನು ನೋಡಿ, "ಜೊತೆಗೆ ಯಾರು ಇದು? ಆಫ್ರಿಕಾದ ಹಡಗು ಬಂತಾ ಹೇಗೆ?"

"ಡಬ್ಬಿ ಚಲೋ ಐತಿ ನೋಡ್ರೆಮ್ಮಾ, ಮುಚ್ಚಳಾನೂ ಐತಿ."

"ಅಯ್ಯೋ, ಕನ್ನಡ ಬರ್ತದಾ ಇವಳಿಗೆ!"

"ನಿಮಗ ಬರೂವಷ್ಟು ಬರತೈತ್ರಿ."

ಅಮ್ಮ ನಕ್ಕರು, ಡಬ್ಬಿಯ ತಳ ತಟ್ಟಿ ನೋಡಿದರು, ಒಂದಕ್ಕೆ ಎರಡು ಕೇಳಿದರು, ಕೊನೆಗೆ ಹಸಿರು ಚೌಕಳಿಯ ಉಡುಪಿ ಸೀರೆಯೊಂದನ್ನು ತಂದುಕೊಟ್ಟರು. ಆಗ ನಾನು ಖಾಲಿ ರೂಮಿನ ಮಾತು ತೆಗೆದೆ.

"ಸೀರೆ ಬೇಕಾದರೆ ಇನ್ನೊಂದು ಕೊಡ್ತೇನೆ. ರೂಮ್ ಆಗ್ಲಿಕ್ಕಿಲ್ಲ. ಇಡೀ ಚಾಳಿಗೆ ನೀರಿನ ನಳ ಒಂದೇ. ನಾಳೆ ಜನ ನನಗೇ ಹೇಳುವುದು." ಮತ್ತೆ ನಗುತ್ತ, "ಅದಿರ್ಲಿ, ವಾಪಸ್ ಹಡಗು ಯಾವಾಗ ಅಂತ ಕೇಳು."

"ಟೈಮ್ ಟೇಬಲ್ ಬಂದ ಕೂಡ್ಲೇ ತಿಳಸ್ತೀನ್ರಿ," ಎಂದಳು ಅಕ್ಕ ಬುಟ್ಟಿ ಎತ್ತಿಕೊಳ್ಳುತ್ತ. ಗಲ್ಲಿಗೆ ಬಂದ ಮೇಲೆ ಸೀರೆಯನ್ನು ಬೇರೆಯಾಗಿ ಮಡಚಿಟ್ಟಳು. "ಇದು ಮೊದಲನೇ ಮೂಲಿಗೆ."

ಮೂರು ಭಾನುವಾರಗಳಲ್ಲಿ ಮೂವತ್ತೊಂದು ಬಟ್ಟೆಗಳಾದವು. ಅಂಚಿಗೆ ಹದಿನೆಂಟು. ಹೊಟ್ಟೆಯ ಹತ್ತಿರಕ್ಕೆ ನಾಲ್ಕು.

ಮಣಿಗಳನ್ನು ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಕೊಂಡೆವು. ಪ್ರದರ್ಶನಕ್ಕೆ ಮಣಿ ಕೆಲಸ ಮಾಡುತ್ತಿದ್ದ ಕಾಂದಿವಲಿಯ ಗುಜರಾತಿ ಕಾಠಿಯಾವಾಡಿ ಹೆಂಗಸು ಅಂಗಡಿ ತೋರಿಸಲು ಬಂದಿದ್ದರು. ಅವರು ಮಾಡುತ್ತಿದ್ದುದು ಮದುವೆ ದಿಬ್ಬಣದ ಚಿತ್ರ. ಮೊದಲು ಮುಖಗಳಿಗೆ ಮಣಿ ಬೇಕಿತ್ತು. "ಚಮಡಿ ಕಲರ್," ಎಂದರು. ಅಂಗಡಿಯವನು ಕೇಳಿಸಿಕೊಂಡದ್ದೇ ತಡ, ತಿಳಿಗುಲಾಬಿ ಮಣಿಗಳನ್ನು ತಟ್ಟೆಗೆ ಸುರಿದ.

ಅಕ್ಕ ಆ ತಟ್ಟೆಯ ಪಕ್ಕ ತನ್ನ ಕೈ ಇಟ್ಟಳು. "ಯಾರ ಚರ್ಮ ಇದು? ಕೇಳು."

ನಾನು ಕೇಳಿದೆ. ಅವನು ಅವಳ ಕೈ ನೋಡಿದ, ತನ್ನ ಕೈಯನ್ನೂ ನೋಡಿಕೊಂಡ. ಅದೂ ಗುಲಾಬಿಯಾಗಿರಲಿಲ್ಲ. "ಚಾಲೀಸ್ ಸಾಲ್ ಸೇ ಯಹೀ ಬೋಲತೇ ಹೈಂ," ಎಂದ, ನಲವತ್ತು ವರ್ಷದಿಂದ ಹೀಗೇ ಕರೆಯುವುದಂತೆ. ಆಮೇಲೆ ಒಳಗಿನಿಂದ ಇನ್ನೊಂದು ಪೊಟ್ಟಣ ತಂದು ಅಕ್ಕನ ಕೈ ಹತ್ತಿರ ಹಿಡಿದ. "ಯೇ ಕಾಫಿ ಕಲರ್ ಹೈ."

"ತೋ ಕಾಫಿ ದೇ," ಎಂದಳು ಅಕ್ಕ.

ಮಣಿ ಕೆಲಸದ ಹೆಂಗಸೂ ಒಂದು ಪೊಟ್ಟಣ ಕಾಫಿ ಮಣಿ ತೆಗೆದುಕೊಂಡರು. ವಾಪಸು ಬರುವಾಗ ಹೇಳಿದರು, ಅವರ ಮಗಳನ್ನು ಎರಡು ಕಡೆಯ ಗಂಡಿನವರು ಸಾಂವಲಿ, ಬಣ್ಣ ಕಪ್ಪು ಎಂದು ಬಿಟ್ಟುಹೋಗಿದ್ದರಂತೆ. ಮುಂದಿನ ವಾರ ನೋಡಿದರೆ, ಆಗಲೇ ಪೋಣಿಸಿ ಮುಗಿಸಿದ್ದ ಗುಲಾಬಿ ಮದುಮಗಳನ್ನು ಬಿಚ್ಚಿ ಕಾಫಿ ಮಣಿಗಳಲ್ಲಿ ಮತ್ತೆ ಕಟ್ಟಿದ್ದರು. ಅಕ್ಕ ತನ್ನ ಪೊಟ್ಟಣವನ್ನು ಮೂಲೆಯ ಹೂಗಳಿಗೆ ಬಳಸಿದಳು, ಪ್ರತಿ ಮಡಿಕೆಯ ಅಂಚಿಗೂ ಒಂದೊಂದು ಸಾಲು.

ಅಕ್ಟೋಬರಿನಲ್ಲಿ ಮಳಿಗೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಶುರುವಾಯಿತು. ಮೂರನೇ ಸುತ್ತಿನಲ್ಲಿದ್ದಾಗ ಹಿಂಗಾರಿನ ಒಂದು ಸಂಜೆಮಳೆ ಕಿಟಕಿಯಿಂದ ಒಳಗೆ ಬಂತು. ಬೆಳಿಗ್ಗೆ ನೋಡಿದರೆ ಮೂರನೇ ಸುತ್ತಿನ ಕೆಂಗಂದು ತುಂಡುಗಳೆಲ್ಲ ಬಣ್ಣ ಬಿಟ್ಟು, ಅದು ಪಕ್ಕದ ಸುತ್ತಿನ ನನ್ನ ತಾಯಿಯ ವಾಯಿಲ್‌ನ ಮೇಲೆ ಹರಡಿತ್ತು. ಮೇಡಂ ಬಂದು ನೋಡಿ, "ಬಿಡು, ಎಷ್ಟು ಚೆನ್ನಾಗಿದೆ! ಒಂದು ಬಣ್ಣ ಇನ್ನೊಂದರಲ್ಲಿ ಬೆರೆಯುವುದು, ಅದೇ ಸಿಂಬಲ್," ಎಂದರು.

ನಾನು ಅಕ್ಕನಿಗೆ ಹೇಳಿದೆ.

"ಸಿಂಬಲ್ ಗಿಂಬಲ್ ಅಲ್ಲ. ಕೆಟ್ಟ ಬಣ್ಣ. ಕೊಟ್ಟಾಕಿ ಒಂದು ದಿನಾನೂ ನೆನಿಹಾಕಿ ಒಗದಿಲ್ಲ."

ಎರಡು ಸುತ್ತು ಬಿಚ್ಚಿದಳು. ಬಟ್ಟೆಗಳನ್ನು ಉಪ್ಪುನೀರಿನಲ್ಲಿ ಅದ್ದಿ, ನೀರು ತಿಳಿಯಾಗುವವರೆಗೆ ಹಿಂಡಿ, ಮತ್ತೆ ಹೊಲಿದಳು. ಹದಿನೈದು ದಿನಗಳ ಕೆಲಸ ಹೋಯಿತು. ಪ್ರದರ್ಶನದ ಹೊತ್ತಿಗೆ ಹೊಟ್ಟೆಯವರೆಗೆ ಬಂದು ನಿಂತಿತು.

"ಅಕ್ಕಿ ತರಲಾ?" ಎಂದೆ.

"ಹೊಟ್ಟಿ ಮುಚ್ಚೂದು ಹೊದಿಯಾವರ ಮನ್ಯಾಗ. ನಮ್ಮವ್ವ ಹಂಗಽ ಮಾಡ್ತಿದ್ಲು. ನನಗ ಮನಿ ಎಲ್ಲೈತಿ? ಹಿಂಗಽ ತೂಗಹಾಕು."

ಹಾಗೇ ತೂಗುಹಾಕಿದೆವು, ನಡುವೆ ಅಂಗೈಯಗಲ ಕೆಳಗಿನ ಸೀರೆ ಕಾಣುವಂತೆ. ಅಕ್ಕ ಇನ್ನೊಂದು ಹಟ ಹಿಡಿದಳು: ಬಂದವರೆಲ್ಲ ಕೌದಿಯನ್ನು ಮುಟ್ಟಬೇಕು. ಬೋರ್ಡಿನ ಒಕ್ಕಣೆಯನ್ನು ಮೂರು ಭಾಷೆಗಳಲ್ಲಿ ಬರೆದೆ. ಕನ್ನಡದ್ದು ಎರಡೇ ಸಾಲು: ಸಿದ್ದಿ ಕೌದಿ. ಮುಟ್ಟಿ ನೋಡಬಹುದು. ಕನ್ನಡ ಅಕ್ಷರ ಬರೆಯುವ ಪೇಂಟರ್ ಮಾಟುಂಗಾದಲ್ಲಿದ್ದ; ಅವನ ಪರಿಚಯವಿದ್ದದ್ದು ನಮ್ಮ ಬಿಲ್ಡಿಂಗಿನ ನಿವೃತ್ತ ಕನ್ನಡ ಮೇಷ್ಟರಿಗೆ. ಚೀಟಿ ಅವರ ಕೈಯಲ್ಲಿ ಕಳಿಸಿದೆ.

ಪ್ರದರ್ಶನ ತೆರೆದ ಭಾನುವಾರ ನಾನು ಕೆಳಗೆ ಬಂದವರನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದೆ. ಬೋರ್ಡುಗಳನ್ನು ಪ್ಯೂನ್ ಆಗಲೇ ಹಾಕಿದ್ದ. ಹನ್ನೊಂದರ ಸುಮಾರಿಗೆ ಮೇಡಂ ಮೆಟ್ಟಿಲ ಮೇಲಿಂದಲೇ ಕರೆದರು. "ಬಂದು ನೋಡು, ನಿಮ್ಮ ಜನರ ರೆಸ್ಪಾನ್ಸ್!"

ಹಾಲಿನಲ್ಲಿ ಕೌದಿಯ ಮುಂದೆ ಸಾಲು ನಿಂತಿತ್ತು. ನಾನು ಕರೆದಿದ್ದ ನಮ್ಮ ಕಾಲೊನಿಯವರೇ ಹೆಚ್ಚು. ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದರು. ಒಬ್ಬೊಬ್ಬರಾಗಿ ಮುಂದೆ ಹೋಗಿ ಕೌದಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಒಬ್ಬರು ಕೂಸಿನ ಹಣೆಯನ್ನು ಬಟ್ಟೆಗೆ ತಾಗಿಸಿದರು. ಯಾವ ಮಠದಿಂದ ತರಿಸಿದ್ದು ಎಂದು ಯಾರೋ ಕೇಳುತ್ತಿದ್ದರು. ಅಕ್ಕ ಪಕ್ಕದ ಸ್ಟೂಲಿನಲ್ಲಿ ಏನೂ ತೋಚದೆ ಕೂತಿದ್ದಳು.

ನಾನು ಬೋರ್ಡು ಓದಿದೆ. ಸಿದ್ಧಿ ಕೌದಿ. ಮುಟ್ಟಿ ನೋಡಬಹುದು.

ಸಾಲಿನ ಕೊನೆಯಲ್ಲಿದ್ದ ಮೇಷ್ಟರು ಹೆಮ್ಮೆಯಿಂದ ನಕ್ಕರು. "ತಪ್ಪು ಬರೆದಿದ್ದೆಯಲ್ಲಮ್ಮಾ. ನಾನೇ ತಿದ್ದಿ ಕೊಟ್ಟೆ. ಬೊಂಬಾಯಿ ಮಕ್ಕಳಿಗೆ ಮಹಾಪ್ರಾಣವೇ ಬರೋದಿಲ್ಲ. ಧಕ್ಕೆ ಹೊಟ್ಟೆ ಸೀಳಬೇಕು, ಹೊಟ್ಟೆ!"

ಅವರಿಗೆ ವಿವರಿಸುವಷ್ಟರಲ್ಲಿ ಖಾನಾವಳಿಯ ಅಮ್ಮನ ಸರದಿ ಬಂದಿತ್ತು. ಅವರು ಕೌದಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಅಕ್ಕನ ಮುಂದೆ ಬಂದು ಕೈಮುಗಿದರು.

"ನನಗೆ ಗೊತ್ತಾಗಲಿಲ್ಲ ಅಮ್ಮಾ. ಸಿದ್ಧಿ ಇರುವವರು ಅಂತ ಆವತ್ತೇ ಹೇಳ್ಬಾರದಿತ್ತಾ? ನನಗೆ ಈ ಮೊಣಕಾಲು ನೋವು ಒಂದು, ಎಷ್ಟು ಮದ್ದು ಮಾಡಿದರೂ ಗುಣ ಇಲ್ಲ." ದನಿ ತಗ್ಗಿಸಿದರು. "ರೂಮ್ ಖಾಲಿಯೇ ಉಂಟು. ಬುಧವಾರ ಬಂದು ಕೀ ತಗೊಳ್ಳಿ. ನೀವು ಚಾಳಿನಲ್ಲಿದ್ದರೆ ನಮಗೇ ಒಳ್ಳೆಯದಲ್ವಾ?"

ಅಕ್ಕ ನನ್ನನ್ನು ನೋಡಿದಳು. ಜೋಪಡಿ ಬಿಡಲು ಮೂರು ವಾರ ಉಳಿದಿತ್ತು.

ಸಂಜೆ ಹಾಲ್ ಮುಚ್ಚಿದ ಮೇಲೆ ನಾನು ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. "ಎಲ್ಲೈತಿ, ತೋರಸು," ಎಂದಳು. ಬೋರ್ಡು ಕೆಳಗಿಳಿಸಿ, ಅಕ್ಷರದ ಬುಡದ ಪುಟ್ಟ ಗೀಟನ್ನು ತೋರಿಸಿದೆ. ಅದರ ಮೇಲೆ ಉಗುರಿಟ್ಟಳು.

"ಇಷ್ಟಽ? ಇಷ್ಟು ಗೀಟಿಗೆ ಮನಿ ಸಿಗತೈತಿ ಅನ್ನು!" ನಗಲು ಶುರುಮಾಡಿದಳು. ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇರಲಿ ಬಿಡು ಅಕ್ಕ," ಎಂದೆ. "ಬುಧವಾರ ಕೀ ತಗೊಂಡುಬಿಡು. ಪ್ರದರ್ಶನ ಮುಗಿದ ಮೇಲೆ ಬೋರ್ಡು ಯಾರು ನೋಡ್ತಾರೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಕಿ ಮೊಣಕಾಲು ನೆಟ್ಟಗ ಆಗಲಿಲ್ಲಂದ್ರ?"

"ಆಗ ನೋಡೋಣ," ಎಂದೆ.

"ಯಾರದರ ಕೂಸಿಗೆ ಜ್ವರ ಬಂದ್ರ ನನ್ನ ಬಾಗಲಾ ಬಡೀತಾರ. ಇಳಿದ್ರ ನಾ ದೇವರು. ಇಳೀಲಿಲ್ಲಂದ್ರ ಮಾಟಗಾತಿ. ಆಫ್ರಿಕಾ ಅನಿಸ್ಕೊಂಡು ಹೊರಗ ನಿಂದರಬಹುದು ತಂಗಿ. ಮಾಟಗಾತಿ ಅನಿಸ್ಕೊಂಡು ಒಳಗ ಇರಾಕ ಆಗೂದಿಲ್ಲ." ಬೋರ್ಡನ್ನು ನನ್ನ ಕಡೆ ತಳ್ಳಿದಳು. "ಆ ಅಕ್ಷರದ ಹೊಟ್ಟಿ ಮುಚ್ಚು."

ಬ್ಲೇಡಿನಿಂದ ಗೀಟು ಕೆರೆದು ತೆಗೆದೆ. ಕೆರೆದ ಜಾಗ ಸ್ವಲ್ಪ ಬಿಳಿಚಿ ಕಾಣುತ್ತಿತ್ತು. ಕೆಳಗೆ ಇನ್ನೊಂದು ಸಾಲನ್ನು ನಾನೇ ಬರೆದೆ: ಸಿದ್ದಿ ಎಂಬುದು ಜನಾಂಗದ ಹೆಸರು.

ಬುಧವಾರ ಕೀ ತರಲು ಅಕ್ಕ ಹೋಗಲಿಲ್ಲ. ಗುರುವಾರ ಅಮ್ಮನೇ ಹಾಲಿಗೆ ಬಂದರು. ಬೋರ್ಡು ಓದಿದರು, ಇನ್ನೊಮ್ಮೆ ಓದಿದರು.

"ಅಂದರೆ ಪವರ್ ಎಂತದೂ ಇಲ್ವಾ?"

"ಐತಲ್ರಿ," ಎಂದಳು ಅಕ್ಕ. "ಥಂಡಿ ತಡೀತೈತಿ."

ಅಮ್ಮನ ತುಟಿ ಅಲುಗಿತು, ಆದರೆ ನಗಲಿಲ್ಲ. ಮರ್ಯಾದೆ ಹೋದ ಸಿಟ್ಟು ಮುಖದಲ್ಲಿ ಕಾಣುತ್ತಿತ್ತು. ತಿರುಗಿ ಹೊರಡುವಾಗ ಮೊದಲನೇ ಮೂಲೆಯ ಹಸಿರು ಚೌಕಳಿ ಕಣ್ಣಿಗೆ ಬಿತ್ತು.

"ಇದು ನನ್ನ ಸೀರೆ ಅಲ್ವಾ?"

"ಹೌದ್ರಿ. ಹಡಗಿನ ಮಾತಿಂದು."

ಅಂಚು ಯಾರದು, ಒಳಗೆ ಯಾರದು ಎಂದು ಅಕ್ಕ ಹೇಳಿದಳು. ಅಮ್ಮ ಕೌದಿಯ ನಾಲ್ಕೂ ಬದಿಗೆ ಕಣ್ಣಾಡಿಸಿದರು. ಚಾಳಿನ ಎಷ್ಟೋ ಸೀರೆಗಳು ಅವರಿಗೆ ಗುರುತು ಸಿಕ್ಕಿರಬೇಕು.

"ಅದು ತಮಾಷೆಗೆ ಹೇಳಿದ್ದು ಮಾರಾಯ್ತಿ."

"ನಾನೂ ನಕ್ಕೊಂಡಽ ಹೊಲದೀನ್ರಿ."

"ಬಿಚ್ಚಿ ತೆಗಿ ಅದನ್ನು. ತೆಗೆದರೆ ರೂಮಿನ ವಿಷಯ ನೋಡುವ."

"ಅದು ಮೊದಲನೇ ಮೂಲಿ ಅಮ್ಮಾ. ಅಲ್ಲಿಂದಽ ಶುರು ಆಗೇತಿ. ಅದನ್ನ ಬಿಚ್ಚಿದ್ರ ಎಲ್ಲಾ ಬಿಚ್ಚಬೇಕು. ಕೌದ್ಯಾಗ ಹಳೇ ತುಂಡು ತಗಿಯೂದಿಲ್ಲ, ಅದರ ಮ್ಯಾಲ ಇನ್ನೊಂದು ಹಚ್ಚತಾರ. ನೀವು ಇನ್ನೊಂದು ಅರಿವಿ ಕೊಟ್ರ ಹಚ್ಚತೀನಿ."

"ಇನ್ನೊಂದು ಡಬ್ಬಿ ಕೊಡ್ತೀಯಾ?"

"ಇಲ್ರಿ. ಈ ಸಲ ಬದಲಿಗೆ ಏನೂ ಇಲ್ಲ."

ಅಮ್ಮ ಮೆಟ್ಟಿಲಿಳಿದು ಹೋದರು. ರೂಮು ಕೈತಪ್ಪಿತೆಂದು ಆವತ್ತು ಡೈರಿಯಲ್ಲಿ ಬರೆದಿದ್ದೇನೆ. ಮುಂದಿನ ಎರಡು ವಾರ ಕುರ್ಲಾ, ಘಾಟ್‌ಕೋಪರ್, ಭಾಂಡುಪ್ ಎಲ್ಲ ಸುತ್ತಿದೆವು. ಭಾಂಡುಪಿನಲ್ಲಿ ಒಬ್ಬ ಒಪ್ಪಿಕೊಂಡು, ಗಂಡನನ್ನು ಕಂಡ ಮೇಲೆ ಮನಸ್ಸು ಬದಲಿಸಿದ.

ಪ್ರದರ್ಶನದ ಕೊನೆಯ ಶನಿವಾರ ಅಮ್ಮ ಮತ್ತೆ ಬಂದರು. ಸವೆದ ಹಳದಿ ಕುಪ್ಪಸವೊಂದನ್ನು ಮೇಜಿನ ಮೇಲಿಟ್ಟರು. ಅದರ ತುದಿಯಲ್ಲಿ ಕೀ ಗಂಟುಹಾಕಿತ್ತು.

"ಬಾಡಿಗೆ ಐದನೇ ತಾರೀಖಿಗೆ ಬರಬೇಕು. ನಳದಲ್ಲಿ ನಿನ್ನ ಸರದಿ ಕೊನೆಗೆ."

"ಕೊನೀಗೆ ಯಾಕ್ರಿ?"

"ಹೊಸಬರೆಲ್ಲ ಕೊನೆಗೇ. ನಾನು ಈ ಊರಿಗೆ ಬಂದಾಗ ನಾನೂ ಕೊನೆಗೇ ಇದ್ದದ್ದು."

ಕೌದಿಯನ್ನು ಕೊಳ್ಳಲು ಮೇಡಂಗೆ ಮನಸ್ಸಿತ್ತು. ಅಕ್ಕ ಕೊಡಲಿಲ್ಲ, ಅವರಿಗೆಂದೇ ಬೇರೊಂದು ಹೊಲಿದುಕೊಡುವೆನೆಂದಳು. ಮೇಡಂ ಒತ್ತಾಯಿಸದೆ, ಕಪ್ಪು ಬಿಳಿ ಥಾನುಗಳನ್ನೂ ಅವಳಿಗೇ ಕೊಟ್ಟುಬಿಟ್ಟರು. ಅವು ಹೊಸ ರೂಮಿನ ಪರದೆಗಳಾದವು.

ಜನವರಿಯ ಮೊದಲ ವಾರ ಆ ರೂಮಿನಲ್ಲಿ ಕೌದಿಯ ಹೊಟ್ಟೆ ಮುಚ್ಚಿದ್ದನ್ನು ನೋಡಿದೆ. ಅಮ್ಮ ಖಾನಾವಳಿಯಿಂದ ಒಂದು ಹಿಡಿ ಕುಚ್ಚಲಕ್ಕಿ ತಂದಿದ್ದರು. ಅಕ್ಕ ನಾಲ್ಕು ಕಾಳು ಆರಿಸಿ ಒಳಗಿಟ್ಟು ಹೊಲಿದಳು. ಆಮೇಲೆ ಹಳದಿ ಕುಪ್ಪಸದ ಬೆನ್ನಿನ ಭಾಗವನ್ನು ಕತ್ತರಿಸಿ ಮೊದಲನೇ ಮೂಲೆಯ ಹಸಿರಿನ ಮೇಲಿಟ್ಟು ಒಂದು ಬದಿ ಹೊಲಿದಳು, ಎರಡನೇದು ಹೊಲಿದಳು, ಮೂರನೇದು ಹೊಲಿದು ದಾರ ಕತ್ತರಿಸಿದಳು. ನಾಲ್ಕನೇ ಬದಿ ತೆರೆದೇ ಇತ್ತು. ಬೆರಳು ಹಾಕಿ ಎತ್ತಿದರೆ ಒಳಗೆ ಹಸಿರು.

"ಇದು ಉಳಿಯಿತಲ್ಲ," ಎಂದರು ಅಮ್ಮ.

"ಒಂದು ಮಳಿಗಾಲ ಕಳೀಲಿ. ಹೆಂಗ ನಡಕೋತೀರಿ ನೋಡಿ ಹಚ್ಚತೀನಿ."

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು. "ಇದು ಎಂತ ಕಥೆ? ರೂಮ್ ಬಾಡಿಗೆಗೆ ಕೊಟ್ಟದ್ದು ನಾನಾ, ಇವಳಾ?"

ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಹೋಗಿದ್ದೆ. ಕೌದಿ ಹಾಸಿಗೆಯ ಮೇಲೆ ಮಡಚಿಟ್ಟಿತ್ತು. ನಾನು ಮೊದಲು ಹುಡುಕಿದ್ದು ಹಳದಿ ಮೂಲೆಯನ್ನೇ. ನಾಲ್ಕನೇ ಬದಿ ಅರ್ಧದವರೆಗೆ ಹೊಲಿದಿತ್ತು. ಅಲ್ಲಿ ದಾರ ಪೋಣಿಸಿದ ಸೂಜಿ ಹಾಗೆಯೇ ಚುಚ್ಚಿಕೊಂಡಿತ್ತು.

"ಮೊನ್ನೆ ಮುಗಸೂದಿತ್ತು," ಎಂದಳು ಅಕ್ಕ, ನಮ್ಮ ಮೂವರಿಗೂ ಒಂದೇ ಥರದ ಲೋಟಗಳಲ್ಲಿ ಚಹಾ ಸುರಿಯುತ್ತ. "ನಡುವ ನಳದ ಹಂತೇಕ ಜಗಳಾ ಆತು."

"ಎಂತ ಜಗಳ," ಎಂದರು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅಮ್ಮ, ತಲೆ ಎತ್ತದೆ. "ಸೂಜಿ ತೆಗಿಬೇಡ. ಅಲ್ಲೇ ಇರ್ಲಿ."